ಅಟ್ಟದ ಮೇಲಿನ ದುರ್ಬೀನು

ಮಳೆಗಾಲಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಚಿಕ್ಕಮಗಳೂರು ಕಡೆಯ ಖಾಲಾ ಫೋನ್ ಮಾಡಿದರು. ಸಲಾಂ, ಕ್ಷೇಮ ಸಮಾಚಾರ ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ, “ಬೇಟಿ, ನಿನ್ನ ಖಾಲೂ ಪೆಟ್ಟಿಗೆಯಲ್ಲಿ ಒಂದು ದುರ್ಬೀನು ಸಿಕ್ಕಿದೆ. ಗುಜರಿಯವನು 500 ರೂಪಾಯಿ ಕೊಡ್ತೀನಿ ಅಂತಾನೆ. ಕೊಟ್ಟುಬಿಡಲಾ?” ಎಂದು ಕೇಳಿದರು.

ಖಾಲೂ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮನೆಯ ಮಾಡು ಸೋರುತ್ತಿತ್ತು. ಹೆಂಚು ಬದಲಿಸಲು ಖಾಲಾ ಅಲ್ಲಿ ಇಲ್ಲಿ ಹಣ ಹೊಂದಿಸುತ್ತಿದ್ದರು. ಅಂಥ ಹೊತ್ತಿನಲ್ಲಿ 500 ರೂಪಾಯಿ ಕೂಡ ದೊಡ್ಡದಾಗಿಯೇ ಕಾಣುತ್ತದೆ. ಆದರೂ ಯಾಕೋ ನನ್ನ ಬಾಯಿಯಿಂದ, “ನಾನು ಬರುವ ತನಕ ಕೊಡಬೇಡಿ ಖಾಲಾ” ಎಂಬ ಮಾತು ಬಂತು.

ಭಾನುವಾರ ಹೋದೆ. ಅದು ಹಕ್ಕಿ ನೋಡುವ ದುರ್ಬೀನಲ್ಲ. ಕೋವಿಯ ಮೇಲೆ ಕೂರಿಸುವ, ಒಂದೇ ಕೊಳವೆಯ ದುರ್ಬೀನು. ಖಾಲೂ ಯೌವನದಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ದೊರೆ ತೋಟ ಮಾರಿ ಊರಿಗೆ ಹೊರಟಾಗ ರೈಫಲನ್ನು ಪರವಾನಗಿ ಇದ್ದ ಇನ್ನೊಬ್ಬರಿಗೆ ಕೊಟ್ಟರಂತೆ. ದುರ್ಬೀನು, ಅದರ ಚರ್ಮದ ಮುಚ್ಚಳ, ಕೋವಿಗೆ ಸಿಕ್ಕಿಸುವ ಕೊಕ್ಕೆಗಳು ಮಾತ್ರ ನೆನಪಿಗೆಂದು ಖಾಲೂ ಕೈಗೆ ಬಂದವು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅವು ಅಟ್ಟದ ಟ್ರಂಕಿನಲ್ಲೇ ಇದ್ದವು.

ಖಾಲಾನ ಮಗ ಆಗಲೇ ಬ್ರಾಸೋ ಡಬ್ಬಿ, ಹಳೆ ಬನಿಯನ್ ತುಂಡು ಹಿಡಿದು ಕುಳಿತಿದ್ದ. “ಪಳಪಳ ಹೊಳೆದರೆ ನೂರಿನ್ನೂರು ಜಾಸ್ತಿ ಸಿಗುತ್ತದೆ” ಎಂಬುದು ಅವನ ಲೆಕ್ಕ. ಮೊದಲು ಡಬ್ಬಿಯನ್ನು ಅವನ ಕೈಯಿಂದ ಕಸಿದು ಇಟ್ಟೆ.

ಹಳೆಯ ವಸ್ತುಗಳ ವಿಷಯದಲ್ಲಿ ನಾವು ಮಾಡುವ ಮೊದಲ ತಪ್ಪು ಇದೇ. ಉಕ್ಕಿನ ಮೇಲಿನ ಕಪ್ಪು-ನೀಲಿ ಬಣ್ಣ ಆ ಕಾಲದ್ದು. ಅದನ್ನು ತಿಕ್ಕಿ ತೆಗೆದರೆ ಮತ್ತೆ ಬರುವುದಿಲ್ಲ. ಕೊಳ್ಳುವವರು ಹುಡುಕುವುದೇ ಆ ಮೂಲ ಬಣ್ಣವನ್ನು. ತಿರುಪು ಬಿಚ್ಚಿ ಒಳಗೆ ಒರೆಸುವುದಂತೂ ಬೇಡವೇ ಬೇಡ. ಮೆತ್ತಗಿನ ಒಣ ಬಟ್ಟೆಯಿಂದ ಧೂಳು ತೆಗೆದರೆ ಸಾಕು.

ಎರಡನೆಯದು ಹೆಸರು ಓದುವುದು. ಕೊಳವೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಕಾರ್ಲ್ ಝೈಸ್, ಯೇನಾ’ ಎಂದಿತ್ತು. ಪಕ್ಕದಲ್ಲಿ ‘ತ್ಸೀಲ್‌ಫಿಯರ್’ ಎಂಬ ಹೆಸರು, ಒಂದು ಸಂಖ್ಯೆ. ಕಾರ್ಲ್ ಝೈಸ್ ಎಂಬವರು 1846ರಲ್ಲಿ ಜರ್ಮನಿಯ ಯೇನಾ ಊರಿನಲ್ಲಿ ತೆರೆದ ಕಾರ್ಯಾಗಾರ ಮುಂದೆ ಕನ್ನಡಿ, ಮಸೂರಗಳಿಗೆ ಜಗತ್ತಿನಲ್ಲೇ ಹೆಸರಾಯಿತು. ಜರ್ಮನ್ ಭಾಷೆಯಲ್ಲಿ ‘ತ್ಸೀಲ್’ ಎಂದರೆ ಗುರಿ, ‘ಫಿಯರ್’ ಎಂದರೆ ನಾಲ್ಕು. ಅಂದರೆ ವಸ್ತುವನ್ನು ನಾಲ್ಕು ಪಟ್ಟು ಹತ್ತಿರ ತೋರಿಸುವ ದುರ್ಬೀನು. ಗುಜರಿಯವನಿಗೆ ಅದು ಅರ್ಧ ಕಿಲೋ ಕಬ್ಬಿಣ. ಓದಬಲ್ಲವರಿಗೆ ಅದೊಂದು ವಿಳಾಸ.

ಎರಡನೇ ಮಹಾಯುದ್ಧದ ನಂತರ ಈ ಕಂಪನಿ ಪೂರ್ವ ಜರ್ಮನಿಯ ಯೇನಾ, ಪಶ್ಚಿಮದ ಓಬರ್‌ಕೋಹೆನ್ ಎಂದು ಎರಡಾಯಿತು. ಯೇನಾದಲ್ಲಿ ಕೆಲಸ ಮುಂದುವರಿದೇ ಇತ್ತು. ಹಾಗಾಗಿ ‘ಯೇನಾ’ ಎಂದು ಬರೆದಿದ್ದ ಮಾತ್ರಕ್ಕೆ ಯುದ್ಧಕ್ಕೆ ಮೊದಲಿನದು ಎನ್ನಲಾಗದು. ಗಾಜನ್ನು ಓರೆಯಾಗಿ ಹಿಡಿದಾಗ ನೀಲಿ ಅಥವಾ ನೇರಳೆ ಹೊಳಪು ಕಂಡರೆ ಅದಕ್ಕೆ ಲೇಪನವಿದೆ ಎಂದರ್ಥ. ಬೆಳಕು ಪ್ರತಿಫಲಿಸಿ ಪೋಲಾಗದಂತೆ ತಡೆಯುವ ಈ ಲೇಪನವನ್ನು ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಕಂಡುಹಿಡಿದದ್ದು 1935ರಲ್ಲಿ. ಖಾಲಾನ ದುರ್ಬೀನಿನಲ್ಲಿ ಹೊಳಪಿರಲಿಲ್ಲ. ಹಳೆಯದೇ ಇರಬೇಕು ಎಂಬ ಊಹೆಗೆ ಅದೊಂದು ಆಧಾರವಾಯಿತು.

ಹಳೆಯದೆಂದ ಮಾತ್ರಕ್ಕೆ ಎಲ್ಲವೂ ದುಬಾರಿಯಲ್ಲ, ನೆನಪಿರಲಿ. ಅಮೆರಿಕದಲ್ಲಿ ವಿಲಿಯಂ ವೀವರ್ 1930ರಲ್ಲಿ ಸಾಮಾನ್ಯ ಬೇಟೆಗಾರನ ಕೈಗೆಟಕುವ ಬೆಲೆಯ ದುರ್ಬೀನು ಮಾಡಲು ಆರಂಭಿಸಿದರು. ಬಹಳ ಮಂದಿ ಕೊಂಡರು. ಬಹಳ ಇರುವ ವಸ್ತುವಿಗೆ ಬೆಲೆ ಕಡಿಮೆ. ಆದರೆ ಅದೇ ದುರ್ಬೀನು ಯುದ್ಧಕಾಲದಲ್ಲಿ ಸೇನೆಯ ಗುರುತು ಹೊತ್ತು ಬಂದಿದ್ದರೆ ಕೊಳ್ಳುವವರ ಕಣ್ಣೇ ಬೇರೆ. ಬ್ರಿಟಿಷ್ ಸೇನೆಯ ‘ನಂಬರ್ 32’ ದುರ್ಬೀನಿನ ಸಂಖ್ಯೆಯನ್ನು ಅದಕ್ಕೆ ಜೋಡಿಯಾದ ರೈಫಲಿನ ಮರದ ಹಿಡಿಯ ಮೇಲೂ ಒತ್ತುತ್ತಿದ್ದರು. ಆ ಜೋಡಿ ಒಟ್ಟಿಗಿದ್ದರೆ ಒಂದು ಬೆಲೆ, ಅಗಲಿದರೆ ಇನ್ನೊಂದು. ಆದ್ದರಿಂದ ಪೆಟ್ಟಿಗೆ, ಮುಚ್ಚಳ, ಕೊಕ್ಕೆ, ಚೀಟಿ ಯಾವುದನ್ನೂ ಬೇರೆ ಮಾಡಬೇಡಿ. ಖಾಲಾ ಆ ಚರ್ಮದ ಮುಚ್ಚಳವನ್ನು ಒಲೆಗೆ ಹಾಕುವುದರಲ್ಲಿದ್ದರು!

ಮೂರನೆಯದು ಆರೋಗ್ಯ ಪರೀಕ್ಷೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಸೂರ್ಯನತ್ತ ಮಾತ್ರ ಎಂದೂ ನೋಡಬಾರದು, ಕಣ್ಣೇ ಹೋದೀತು. ಗುರಿಯ ಗುರುತು, ಅಂದರೆ ಕೆಳಗಿನಿಂದ ಎದ್ದ ಚೂಪು ಕಂಬ ಮತ್ತು ಎರಡು ಬದಿಯ ಅಡ್ಡಪಟ್ಟಿಗಳು, ಸರಿಯಾಗಿದ್ದವು. ಮೇಲಿನ ತಿರುಗುಣಿ ತಿರುಗುತ್ತಿತ್ತು. ಆದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂತೆ ಏನೋ ಹರಡಿತ್ತು. ಬೂಷ್ಟು! ಮಲೆನಾಡಿನ ಮಳೆ ನಮ್ಮ ಚಪ್ಪಲಿ, ಉಪ್ಪಿನಕಾಯಿಯನ್ನೇ ಬಿಡುವುದಿಲ್ಲ. ಗಾಜನ್ನು ಬಿಟ್ಟೀತೇ?

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ‘ಶಸ್ತ್ರ’ ಎಂದರೆ ಕೋವಿ ಮಾತ್ರವಲ್ಲ, ಅದರ ಭಾಗಗಳೂ ಸೇರುತ್ತವೆ. ಹಾಗಾಗಿ ಕೋವಿಗೆ ಸಂಬಂಧಿಸಿದ ಏನೇ ಸಿಕ್ಕರೂ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಕೋವಿ ವ್ಯಾಪಾರಿಯಲ್ಲಿ ವಿಚಾರಿಸದೆ ಮಾರಬಾರದು. ಕೋವಿಯೇ ಸಿಕ್ಕಿದರೆ, ಪರವಾನಗಿದಾರರು ತೀರಿಕೊಂಡ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಠಾಣೆಗೋ ಅಂಥ ವ್ಯಾಪಾರಿಗೋ ಒಪ್ಪಿಸಬೇಕು. ಟ್ರಂಕಿನಲ್ಲಿ ಒಂದು ಜೊತೆ ಕಡವೆ ಕೊಂಬೂ ಇತ್ತು. ಅದನ್ನು ಮಾರುವ ಮಾತೇ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಕೊಂಬಿನ ವಿಷಯವನ್ನು ಅರಣ್ಯ ಇಲಾಖೆಗೆ ತಿಳಿಸಲು ಹೇಳಿದೆ. ನೂರು ವರ್ಷ ದಾಟಿದ ವಸ್ತುವಾದರೆ ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ ಎನ್ನುವ ಇನ್ನೊಂದು ಕಾಯ್ದೆಯೂ ಅದೇ 1972ರದ್ದು. ಸೌದಿಯಲ್ಲೋ ಲಂಡನ್ನಿನಲ್ಲೋ ಗಿರಾಕಿ ಸಿಕ್ಕಿದನೆಂದು ಪಾರ್ಸೆಲ್ ಕಟ್ಟುವ ಮೊದಲು ಇದು ತಿಳಿದಿರಬೇಕು.

ಠಾಣೆಯಲ್ಲಿ ವಿಚಾರಿಸಿ, ಫೋಟೋ ತೆಗೆದು, ಪರವಾನಗಿ ಇರುವ ವ್ಯಾಪಾರಿಯೊಬ್ಬರ ಬಳಿ ಹೋದೆವು. ಅವರ ಒಂದು ಮಾತು ನನಗೆ ಹಿಡಿಸಿತು. “ಅಮ್ಮಾ, ಮಾರುವವರು ಹೇಳುವ ಬೆಲೆ ನೋಡಬೇಡಿ. ಎಷ್ಟಕ್ಕೆ ಮಾರಿಹೋಯಿತು ಎಂಬುದನ್ನು ನೋಡಿ” ಎಂದರು. ಲಕ್ಷ ಕೇಳುವವರು ಎಷ್ಟೋ ಮಂದಿ ಇರುತ್ತಾರೆ, ಕೊಡುವವರು ಇರಬೇಕಲ್ಲ! ಹರಾಜಿನಲ್ಲಿ ನಿಜವಾಗಿ ಮುಗಿದ ವ್ಯಾಪಾರದ ಬೆಲೆಯೇ ಬೆಲೆ. ಅವರ ಮೂಲಕ ಪರವಾನಗಿ ಇದ್ದ ಒಬ್ಬ ಹವ್ಯಾಸಿ ಮುಂದೆ ಬಂದರು. ಫೋಟೋ ನೋಡಿ 20,000 ರೂಪಾಯಿ ಎಂದರು.

ಖಾಲಾನ ಮಗನ ಮುಖ ಅರಳಿತು. “ಬೂಷ್ಟಿನ ವಿಷಯ ನಾವೇ ಯಾಕೆ ಹೇಳಬೇಕು? ಫೋಟೋದಲ್ಲಿ ಕಾಣುವುದೇ ಇಲ್ಲ” ಎಂದು ಪಿಸುಗುಟ್ಟಿದ. ಖಾಲಾ ಒಪ್ಪಲಿಲ್ಲ. “ಗುಜರಿಯವನು ನಮಗೆ ಮಾಡಲು ಹೊರಟದ್ದನ್ನು ನಾವು ಇವರಿಗೆ ಮಾಡಬೇಕಾ? ದೋಷ ಮುಚ್ಚಿ ಮಾರಿದ ಹಣದ ಹೆಂಚಿನ ಕೆಳಗೆ ನಾನು ನಮಾಜು ಹೇಗೆ ಮಾಡಲಿ?” ಎಂದರು. ಬೂಷ್ಟಿನ ವಿಷಯ ತಿಳಿಸಿದೆವು. ಬೆಲೆ 16,000ಕ್ಕೆ ಇಳಿಯಿತು. 4,000 ರೂಪಾಯಿ ಹೋಯಿತೆಂದು ಮಗ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಹಣ ಕೈಗೆ ಬಂದೊಡನೆ ಅವನು ಮೇಸ್ತ್ರಿಗೆ ಫೋನ್ ಹಚ್ಚಿದ. ಖಾಲಾ ತಡೆದರು. “ಇದು ನಿನ್ನ ಅಬ್ಬಾನ ವಸ್ತು. ನಿನ್ನ ಇಬ್ಬರು ತಂಗಿಯರಿಗೂ ಇದರಲ್ಲಿ ಪಾಲಿದೆ” ಎಂದರು. ಎಂಟನೇ ಒಂದರಂತೆ ಖಾಲಾಗೆ 2,000. ಉಳಿದ 14,000ದಲ್ಲಿ ಮಗನಿಗೆ 7,000, ಹೆಣ್ಣುಮಕ್ಕಳಿಗೆ 3,500ರಂತೆ. ಇಬ್ಬರಿಗೂ ಫೋನ್ ಮಾಡಿ ಪೂರ್ತಿ ಲೆಕ್ಕ ಒಪ್ಪಿಸಿದರು.

ಇಬ್ಬರೂ ಹೇಳಿದ್ದು ಒಂದೇ ಮಾತು, “ನಮ್ಮ ಪಾಲನ್ನೂ ಮಾಡಿಗೆ ಹಾಕಿ ಅಮ್ಮೀ.” ಕಿರಿಯವಳು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಿದಿರಲ್ಲ, ಅಷ್ಟು ಸಾಕು” ಎಂದಳಂತೆ. ಕೇಳದೆ ತೆಗೆದುಕೊಂಡಿದ್ದರೂ ಅದೇ ಹೆಂಚು ಬರುತ್ತಿತ್ತು. ಆದರೆ ಮಗಳ ಮನಸ್ಸಿನಲ್ಲಿ ಒಂದು ಸೋರಿಕೆ ಉಳಿದುಬಿಡುತ್ತಿತ್ತು.

ನಮ್ಮ ಮನೆಗಳಲ್ಲಿ ಗಂಡಸರು ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆಯುವವರು ಹೆಚ್ಚಾಗಿ ಹೆಂಗಸರೇ. ಅಷ್ಟರಲ್ಲಿ ಗುಜರಿಯವನು, ನೆರೆಯವನು, ದೂರದ ನೆಂಟ ಬಾಗಿಲಲ್ಲಿ ನಿಂತಿರುತ್ತಾರೆ. ಗಡಿಯಾರ, ಕ್ಯಾಮೆರಾ, ಹಿತ್ತಾಳೆ ಹಂಡೆ, ಹಳೆಯ ನಾಣ್ಯ ಯಾವುದೇ ಇರಲಿ, ಸಹೋದರಿಯರೇ, ಅವಸರ ಬೇಡ. ತಿಕ್ಕಬೇಡಿ, ಬಿಚ್ಚಬೇಡಿ. ಹೆಸರು ಓದಿ, ಬಲ್ಲ ಇಬ್ಬರು ಮೂವರನ್ನು ಕೇಳಿ. ಕಾನೂನು ಏನೆನ್ನುತ್ತದೆ ಎಂದು ವಿಚಾರಿಸಿ. ಆಮೇಲೆ ಮಾರಿ, ಇದ್ದುದನ್ನು ಇದ್ದ ಹಾಗೆ ಹೇಳಿ ಮಾರಿ.

ಮೊನ್ನೆ ಜೋರು ಮಳೆ ಬಂದ ರಾತ್ರಿ ಖಾಲಾ ಮತ್ತೆ ಫೋನ್ ಮಾಡಿದ್ದರು. “ಒಂದು ಹನಿಯೂ ಬೀಳಲಿಲ್ಲ ಬೇಟಿ. ಬಕೆಟ್ಟುಗಳೆಲ್ಲ ಈಗ ಬಚ್ಚಲಿನಲ್ಲೇ ಇವೆ” ಎಂದರು.