ಆರರಲ್ಲಿ ಒಂದೋ, ಆರಕ್ಕೆ ಆರೋ?

ಎರಡು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. "ಬರೆಯೋದು ಬಿಟ್ಟೇಬಿಟ್ರಾ?" ಅಂತ ಒಂದಿಬ್ಬರು ಕೇಳಿಯೂ ಆಯ್ತು. ಬಿಟ್ಟಿಲ್ಲ ಮಾರಾಯ್ರೆ. ಇಷ್ಟು ದಿನವೂ ಕೀಬೋರ್ಡ್ ಮುಂದೇನೇ ಕೂತಿದ್ದೆ. ಆದ್ರೆ ಟೈಪ್ ಮಾಡೋದಲ್ಲ, ನುಡಿಸೋದು. ಅದೂ ಪೂರ್ತಿ ಬಿಚ್ಚಿ ಹರಡಿಕೊಂಡಿದ್ದು :-)

ರೋಲ್ಯಾಂಡ್ ಜೂನೋ-106 ಅಂತ ಒಂದು ಅನಲಾಗ್ ಸಿಂಥಸೈಜರ್. 1984ರದ್ದು. ಹಳೇ ಕಾರಿನ ಹುಚ್ಚಿನ ಹಾಗೇ ಹಳೇ ಸಿಂಥ್ ಹುಚ್ಚೂ ಈ ಅಮೆರಿಕದಲ್ಲಿ ಜೋರು. ಗೊತ್ತಿಲ್ಲದವರಿಗೆ ಸಣ್ಣ ಪೀಠಿಕೆ: ಇದರೊಳಗೆ ಆರು ದನಿಗಳಿವೆ, ಅಂದ್ರೆ ಒಟ್ಟಿಗೆ ಆರು ಸ್ವರ ನುಡಿಸಬಹುದು. ಒಂದೊಂದು ದನಿಗೂ ಪ್ರತ್ಯೇಕ ದಾರಿ. ಮೊದಲು ಒಂದು ಚಿಪ್ ಒರಟು ಅಲೆಯನ್ನ ಹುಟ್ಟಿಸುತ್ತೆ, ಆಮೇಲೆ ಇನ್ನೊಂದು ಚಿಪ್ ಅದನ್ನ ಸೋಸಿ, ಏರಿಸಿ ಇಳಿಸುತ್ತೆ. ಈ ಎರಡನೇ ಚಿಪ್ಪಿನ ಹೆಸರು 80017ಎ. ದನಿಗೊಂದರಂತೆ ಆರಿವೆ. ಆರೂ ದಾರಿಗಳು ಕೊನೆಗೆ ಒಂದಾಗಿ, ಕೋರಸ್ ಸರ್ಕ್ಯೂಟು ದಾಟಿ, ವಾಲ್ಯೂಮ್ ದಾಟಿ ಹೊರಗೆ ಬರುತ್ತವೆ. ಇಷ್ಟು ನೆನಪಿಟ್ಕೊಳ್ಳಿ ಸಾಕು, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಈ 80017ಎ ಜೂನೋದ ಕುಖ್ಯಾತ ಕಾಯಿಲೆ. ಅದು ನಿಜವಾಗಿ ಒಂದು ಚಿಪ್ಪಲ್ಲ, ಪುಟಾಣಿ ಬೋರ್ಡಿನ ಮೇಲೆ ಸಣ್ಣ ಸಣ್ಣ ಭಾಗಗಳನ್ನ ಕೂರಿಸಿ ಮೇಲೆ ಕಪ್ಪು ರಾಳ ಬಳಿದಿರೋದು. ವರ್ಷಗಳು ಕಳೆದಂತೆ ಆ ರಾಳವೇ ಸಣ್ಣಗೆ ವಿದ್ಯುತ್ ಸೋರಿಸೋಕೆ ಶುರು ಮಾಡುತ್ತೆ. ಆಗ ಆ ದನಿ ಪಟಪಟ ಅನ್ನುತ್ತೆ, ಕೀಲಿಯಿಂದ ಕೈ ತೆಗೆದರೂ ಗುಂಯ್‌ಗುಡುತ್ತೆ, ಇಲ್ಲಾ ಸತ್ತೇ ಹೋಗುತ್ತೆ. ತಮಾಷೆ ನೋಡಿ, ಇದಕ್ಕಿಂತ ಎರಡು ವರ್ಷ ಹಳೆಯ ಜೂನೋ-60ರಲ್ಲಿ ಫಿಲ್ಟರ್ ಚಿಪ್ಪುಗಳನ್ನ ರಾಳ ಬಳಿಯದೆ ನೇರವಾಗಿ ಬೋರ್ಡಿಗೇ ಕೂರಿಸಿದ್ದರು. ಅದಕ್ಕೆ ಈ ರೋಗವೇ ಇಲ್ಲ.

ಹಾಗಾಗಿ ಜೂನೋ ಗಲಾಟೆ ಮಾಡಿದ್ರೆ ಎಲ್ಲರೂ ಕೊಡೋ ಸಲಹೆ ಒಂದೇ: ಆರೂ ಚಿಪ್ ಕಿತ್ತು ಹೊಸದು ಹಾಕಿ. ಕೈಹಾಕಿದ ಮೇಲೆ ಕೆಪಾಸಿಟರ್‌ಗಳನ್ನೂ ಅಷ್ಟೂ ಬದಲಾಯಿಸಿಬಿಡಿ. ನನ್ನ ತಕರಾರು ಇರೋದು ಈ ಸಲಹೆಯ ಮೇಲೆ. ತಕರಾರು ಮಾಡೋ ಹಕ್ಕನ್ನ ನಾನು ದುಬಾರಿ ಬೆಲೆ ಕೊಟ್ಟು ಸಂಪಾದಿಸಿದ್ದೀನಿ. ಬೆಲೆ ತೆತ್ತವನು ಮಾತ್ರ ಬೇರೆಯವನು.

2016ರಲ್ಲಿ ನನ್ನ ಆಫೀಸಿನ ಗೆಳೆಯನೊಬ್ಬ ತನ್ನ ಜೂನೋ ತಂದುಕೊಟ್ಟ. ಕಾಲೇಜು ದಿನಗಳಲ್ಲಿ ಬ್ಯಾಂಡ್ ಕಟ್ಟಿದ್ದಾಗ ಬೇಸಿಗೆ ರಜೆಯಲ್ಲಿ ದುಡಿದು ಕೊಂಡಿದ್ದಂತೆ. ಏನೂ ನುಡಿಸದೇ ಇದ್ದರೂ ಚರಚರ ಅಂತಿತ್ತು. ನಾನು ಇಂಟರ್ನೆಟ್ಟಿನಲ್ಲಿ ಓದಿಕೊಂಡಿದ್ದವನು, ನೋಡೋದೇನು? 80017ಎ! ಒಂದು ಶನಿವಾರ ಕೂತು ಆರನ್ನೂ ಕಿತ್ತೆ. ಆ ಬೋರ್ಡಿನ ತಾಮ್ರದ ಗೆರೆಗಳು ಹಪ್ಪಳದ ಹಾಗೆ, ಸ್ವಲ್ಪ ಶಾಖ ಜಾಸ್ತಿಯಾದ್ರೆ ಎದ್ದು ಬರುತ್ತವೆ. ಮೂರು ಕಡೆ ಎದ್ದು ಬಂದವು. ಎರಡು ಚಿಪ್ಪುಗಳ ಕಾಲು ಬುಡದಲ್ಲೇ ಮುರಿದವು.

ಕಿತ್ತಾದ ಮೇಲೆ ಸುಮ್ಮನೆ ಆನ್ ಮಾಡಿ ನೋಡಿದೆ. ಚರಚರ ಹಾಗೇ ಇತ್ತು.

ಆರೂ ಚಿಪ್ ನನ್ನ ಮೇಜಿನ ಮೇಲೆ ಬಿದ್ದಿವೆ, ಸದ್ದು ಮಾತ್ರ ಹಾಗೇ ಬರ್ತಿದೆ. ಆ ಗಳಿಗೆಯಲ್ಲಿ ಹೊಟ್ಟೆಯೊಳಗೆ ಆದದ್ದನ್ನ ಬರೆಯೋಕೆ ನನಗೆ ಬರಲ್ಲ. ಆಮೇಲೆ ಗಮನಿಸಿದೆ, ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಹೋಗ್ತಿರಲಿಲ್ಲ. ಅಂದ್ರೆ ತೊಂದರೆ ವಾಲ್ಯೂಮಿನ ಆಚೆಗಿತ್ತು. ಹೊರಗೆ ವೈರ್ ಚುಚ್ಚೋ ಜ್ಯಾಕಿನ ಬುಡದಲ್ಲಿ ಬೆಸುಗೆಗೆ ಕೂದಲೆಳೆಯಷ್ಟು ಬಿರುಕು. ಎರಡು ನಿಮಿಷದ ಕೆಲಸ! ವಾಪಸ್ ಕೊಡುವಾಗ ಗೆಳೆಯ ನಕ್ಕು, "ಹೋಗ್ಲಿ ಬಿಡು, ಹಳೇದಾಗಿತ್ತು" ಅಂದ. ಬೈದಿದ್ರೆ ಚೆನ್ನಾಗಿರ್ತಿತ್ತು.

ಸಾಗರದಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅಪ್ಪನ ಟ್ರಾನ್ಸಿಸ್ಟರ್ ಭದ್ರಾವತಿ ಆಕಾಶವಾಣಿ ಹಿಡಿಯೋದನ್ನ ನಿಲ್ಲಿಸಿದಾಗೆಲ್ಲ ಹೊತ್ಕೊಂಡು ಹೋಗೋ ಕೆಲಸ ನನ್ನದು. ಅಂಗಡಿಯವರು ಹಿಂಬದಿ ಬಿಚ್ಚಿ, ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಸ್ಕ್ರೂಡ್ರೈವರ್ ತಾಗಿಸಿ ಅದರ ಲೋಹಕ್ಕೆ ಬೆರಳು ಇಡೋರು. ಸ್ಪೀಕರಿನಲ್ಲಿ ಗುರ್ ಅಂದ್ರೆ "ಈಚೆ ಅರ್ಧ ಸರಿ ಇದೆ" ಅನ್ನೋರು. ಅನ್ನದಿದ್ರೆ ಆಚೆ ಅರ್ಧವನ್ನ ಮುಟ್ಟುತ್ತಲೇ ಇರಲಿಲ್ಲ. (ಸೆಲ್ಲಿನ ಟ್ರಾನ್ಸಿಸ್ಟರ್ ಆದ್ರೆ ಮಾತ್ರ ಈ ಬೆರಳಿನ ಆಟ! ಗೋಡೆಗೆ ಚುಚ್ಚಿರೋದಕ್ಕೆ ದಯವಿಟ್ಟು ಬೇಡ.) ಇದನ್ನ ನೂರು ಸಲ ನೋಡಿದ್ದೆ. ಆಮೇಲೆ ಇಂಜಿನಿಯರಿಂಗ್ ಓದಿ ಮರೆತೆ :-)

ಈ ಜನವರಿಯಲ್ಲಿ ಅದೇ ಗೆಳೆಯ ಮನೆ ಬದಲಾಯಿಸ್ತಾ ಫೋನ್ ಮಾಡಿದ. "ಅದು ಇನ್ನೂ ಇದೆ. ಎಸೆಯಲಾ, ಇನ್ನೊಂದು ಸಲ ನೋಡ್ತೀಯಾ?" ಅಂತ. ಹೋಗಿ ಎತ್ಕೊಂಡು ಬಂದೆ.

ಈ ಸಲ ಮೊದಲ ಎರಡು ಸಂಜೆ ಸಾಲ್ಡರಿಂಗ್ ಐರನ್ ಕಪಾಟಿನಿಂದ ಈಚೆಗೇ ತೆಗೆಯಲಿಲ್ಲ. ಮೀಟರ್ ಹಿಡಿದು ವಿದ್ಯುತ್ ಸರಬರಾಜು ನೋಡಿದೆ. ಪ್ಲಸ್ 15, ಮೈನಸ್ 15, ಪ್ಲಸ್ 5 ವೋಲ್ಟ್ ಬರಬೇಕು, ಬರ್ತಿತ್ತು. ಮೀಟರನ್ನ ಎಸಿಗೆ ತಿರುಗಿಸಿದರೆ ಏರಿಳಿತ ಇಲ್ಲವೆನ್ನುವಷ್ಟು ಕಮ್ಮಿ. ಅಂದ್ರೆ ಅಲ್ಲಿನ ದೊಡ್ಡ ಕೆಪಾಸಿಟರ್‌ಗಳು ನಲವತ್ತು ವರ್ಷ ದಾಟಿಯೂ ಚೆನ್ನಾಗಿವೆ. ಅವುಗಳ ವಯಸ್ಸು ನೋಡಿ ಯಾಕೆ ಕೀಳಬೇಕು?

ಮೂರನೇ ಸಂಜೆ ನಾನೇ ಕಿತ್ತ ತಾಮ್ರದ ಗೆರೆಗಳಿಗೆ ತೆಳು ತಂತಿ ಬೆಸೆದೆ. ಚಿಪ್ಪುಗಳಿಗೆ ಸಾಕೆಟ್ ಕೂರಿಸಿದೆ, ಇನ್ನು ಮುಂದೆ ಯಾರೂ ಬೆಂಕಿ ಹಚ್ಚೋದು ಬೇಡ ಅಂತ. ಮುರಿದ ಎರಡರ ಬದಲು ಈಗ ಸಿಗೋ ಹೊಸ ನಕಲುಗಳನ್ನ ತರಿಸಿದೆ. ಉಳಿದ ನಾಲ್ಕು ಹಳೆಯವೇ. ಆಮೇಲೆ ಆ ಯಂತ್ರದಲ್ಲೇ ಅಡಗಿರೋ ಒಂದು ಉಪಕಾರ: ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿಹಿಡಿದು ಆನ್ ಮಾಡಿದರೆ ಪರೀಕ್ಷೆಯ ಸ್ಥಿತಿಗೆ ಹೋಗುತ್ತೆ. ಒಂದೊಂದು ಕೀಲಿ ಒತ್ತಿದಂತೆ ಈಗ ಹಾಡ್ತಿರೋದು ಎಷ್ಟನೇ ದನಿ ಅಂತ ಡಿಸ್ಪ್ಲೇ ತೋರಿಸುತ್ತೆ. ಒಂದು, ಸರಿ. ಎರಡು, ಪಟಪಟ. ಮೂರು, ನಾಲ್ಕು, ಐದು, ಆರು ಎಲ್ಲಾ ಸರಿ.

ಎರಡನೇ ದನಿಯೇ ಕಳ್ಳ ಅಂತಾಯ್ತು. ಆದ್ರೆ ಚಿಪ್ಪೋ, ನಾನು ಕೆಡಿಸಿದ ಜಾಗವೋ? ಅಲೆ ಹುಟ್ಟಿಸೋ ಚಿಪ್ ಒಂದೊಂದು ಎರಡೆರಡು ದನಿಗಳನ್ನ ನೋಡ್ಕೊಳ್ಳುತ್ತೆ, ಜೋಡಿ ದನಿ ಸರಿ ಇರೋದರಿಂದ ಅದರ ಮೇಲೆ ಅನುಮಾನ ಕಮ್ಮಿ. ಆಸಿಲೋಸ್ಕೋಪ್ ಹಿಡಿದರೆ ಗರಗಸದ ಹಲ್ಲಿನಂಥ ಅಲೆ ಎರಡನೇ ಚಿಪ್ಪಿನ ಬಾಗಿಲವರೆಗೂ ಶುದ್ಧವಾಗಿ ಬರ್ತಿತ್ತು. ಆಫ್ ಮಾಡಿ, ಎರಡರ ಚಿಪ್ಪನ್ನ ಐದಕ್ಕೆ, ಐದರದ್ದನ್ನ ಎರಡಕ್ಕೆ ಹಾಕಿದೆ. ಪಟಪಟ ಐದಕ್ಕೆ ಹೋಯ್ತು. ಚಿಪ್ಪೇ!

ಅಂದು ನಾನು ಕಿತ್ತ ಆರರಲ್ಲಿ ಮೂರು ಇವತ್ತಿಗೂ ಚೆನ್ನಾಗಿವೆ. ಕೆಟ್ಟದ್ದು ಅಂತ ಗೊತ್ತಾಗಿರೋದು ಒಂದೇ. ಮುರಿದ ಎರಡರ ಕಥೆ ಏನಿತ್ತೋ, ಅಳೆಯೋ ಅವಕಾಶವನ್ನೇ ನಾನು ಉಳಿಸಲಿಲ್ಲ.

ಎದುರು ಪಕ್ಷದ ಮಾತಲ್ಲೂ ಸತ್ಯ ಇದೆ, ಇಲ್ಲ ಅನ್ನಲ್ಲ. ವಾರಕ್ಕೆ ಮೂರು ಕಾರ್ಯಕ್ರಮ ಕೊಡೋನಿಗೆ ವೇದಿಕೆ ಮೇಲೆ ಒಂದು ದನಿ ಸತ್ತರೆ ನಡೆಯಲ್ಲ. ಇವತ್ತು ಒಂದು ಕೆಟ್ಟರೆ ನಾಳೆ ಇನ್ನೊಂದು ಕೆಡೋದೇ. ಅಂಥವನಿಗೆ ಪಳಗಿದ ಕೈ ಆರನ್ನೂ ಒಟ್ಟಿಗೆ ಬದಲಾಯಿಸಿದ್ರೆ ಅದು ಲೆಕ್ಕಾಚಾರ. ಆದ್ರೆ ಅಲ್ಲೂ ಮೊದಲು ಅಳೆದು ಆಮೇಲೆ ಬದಲಾಯಿಸೋದು ಬೇರೆ, ಅಳೆಯೋಕೆ ಬೇಸರವಾಗಿ ಬದಲಾಯಿಸೋದು ಬೇರೆ. ಎರಡನೆಯದನ್ನೇ ಹೊಸಬರಿಗೆ ಮೊದಲ ಪಾಠ ಅಂತ ಹೇಳಿಕೊಡ್ತಿದ್ದೀವಲ್ಲ, ಅದು ತಪ್ಪು.

ಇಷ್ಟೆಲ್ಲ ಅಳೆಯೋಕೆ ಆಗಿದ್ದು ರೋಲ್ಯಾಂಡಿನವರು ಸರ್ವಿಸ್ ಪುಸ್ತಕದಲ್ಲಿ ಪೂರ್ತಿ ಸರ್ಕ್ಯೂಟ್ ಬರೆದಿಟ್ಟಿದ್ದರಿಂದ. ನನ್ನ ಫೋನಿಗೆ ಅಂಥದ್ದೊಂದು ಪುಸ್ತಕ ಇದೆಯಾ? ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಿಪೇರಿಗೆ ಬೇಕಾದ ದಾಖಲೆ, ಬಿಡಿಭಾಗ ಕೊಡಿ ಅಂತ ತಯಾರಕರಿಗೆ ಹೇಳೋಕೆ ಒಂದು ಕಾನೂನೇ ಬೇಕಾಯ್ತು. ಅದು ಜಾರಿಗೆ ಬಂದಿದ್ದು 2024ರ ಜುಲೈನಲ್ಲಿ. ಇದರ ಬಗ್ಗೆ ಇನ್ನೊಮ್ಮೆ ಬೇರೆಯಾಗಿ ಬರೀತೀನಿ, ಇಲ್ಲಾಂದ್ರೆ ಈ ಪೋಸ್ಟ್ ಮುಗಿಯಲ್ಲ.

ಆ ಕೆಟ್ಟ ಚಿಪ್ಪನ್ನ ಅಸಿಟೋನಿನಲ್ಲಿ ನೆನೆಹಾಕಿದ್ದೀನಿ. ಕೆಲವು ದಿನ ಬಿಟ್ರೆ ರಾಳ ಮೆತ್ತಗಾಗಿ ಸುಲಿಯೋಕೆ ಬರುತ್ತೆ, ಸುಲಿದರೆ ಎಷ್ಟೋ ಸಲ ಮತ್ತೆ ಹಾಡುತ್ತೆ. ಎಷ್ಟೋ ಸಲ ಹಾಡಲ್ಲ. ಗಾಜಿನ ಬಾಟಲಿಯೇ ಬೇಕು ಅಂತ ಹುಡುಕಿದಾಗ ಸಿಕ್ಕಿದ್ದು ಅಮ್ಮ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ. ಖಾಲಿಯಾಗಿತ್ತು ಅಂತ ನಾನು, ಇನ್ನೂ ಎರಡು ಮಿಡಿ ಇತ್ತು ಅಂತ ಮನೆಯವಳು. ಸದ್ಯಕ್ಕೆ ಬಾಟಲಿ ಬಾಲ್ಕನಿಯಲ್ಲಿದೆ, ಅದರ ಮೇಲೆ ಅವಳ ಕೈಬರಹದಲ್ಲಿ "ಇದು ತಿನ್ನೋದಲ್ಲ" ಅಂತ ಒಂದು ಚೀಟಿ. ಗೆಳೆಯ ಭಾನುವಾರ ಬರ್ತಾನೆ. ಐದು ದನಿಯಂತೂ ಗ್ಯಾರಂಟಿ ಅಂತ ಹೇಳಿದ್ದೀನಿ.