ಮಡಚಬ್ಯಾಡ ಯವ್ವಾ, ಈ ಸಲ ಮಡಚಬ್ಯಾಡ

ಹೋದ ವರ್ಷ ಎರಡು ತಿಂಗಳು ವರ್ಕ್ ಫ್ರಮ್ ಹೋಮ್ ತಗೊಂಡು ಬನಹಟ್ಟಿಯ ಮನೆಯಲ್ಲೇ ಇದ್ದೆ. ಹಗಲೆಲ್ಲ ಲ್ಯಾಪ್‌ಟಾಪ್, ಹಗಲು ರಾತ್ರಿ ಅವ್ವನ ಬಲಗಾಲಿನ ಕಾವಲು.

ಅವ್ವ ಮೂವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವಳು. ಬಲ ಮೊಣಕಾಲಿಗೆ ಮೊದಲು ಕೀಲು ಬದಲಿ ಆಪರೇಷನ್ ಆಗಿತ್ತು. ಕೆಲ ವರ್ಷಕ್ಕೆ ಆ ಕೀಲು ಸಡಿಲಾಗಿ, ಎರಡನೇ ಸಲ ಹೊಸದು ಹಾಕಿದರು. ಆಮೇಲೊಂದು ದಿನ ಬಚ್ಚಲಲ್ಲಿ ಜಾರಿದಳು. ಎಕ್ಸ್‌ರೇದಲ್ಲಿ ಕೀಲು ಗಟ್ಟಿಯಾಗೇ ಇತ್ತು. ಆದರೆ ಅವ್ವ ಅಂದಿದ್ದು ಒಂದೇ ಮಾತು: "ಮಡಚಾಕ ಬರ್ತೈತಿ, ಎತ್ತಾಕ ಬರವಲ್ದು."

ಮೊದಲು ತೋರಿಸಿದ ಕಡೆ "ವೀಕ್‌ನೆಸ್, ವ್ಯಾಯಾಮ ಮಾಡಿಸ್ರಿ" ಅಂದರು. ಮೂರು ತಿಂಗಳು ಹಾಗೇ ಹೋಯಿತು. ಕೊನೆಗೆ ಬೆಳಗಾವಿಯ ಡಾಕ್ಟರ್ ಅವ್ವನನ್ನು ಮಲಗಿಸಿ, "ಕಾಲು ನೆಟ್ಟಗ ಎತ್ರಿ" ಅಂದರು. ಹಿಮ್ಮಡಿ ಹಾಸಿಗೆ ಬಿಡಲಿಲ್ಲ. "ಕೀಲು ಚಲೋ ಐತಿ, ಹಗ್ಗ ಹರದೈತ್ರಿ."

ಆ ಹಗ್ಗ ಅಂದರೆ ಸ್ನಾಯುರಜ್ಜು. ನಮ್ಮ ಕಡೆ ಅದನ್ನೂ ನರ ಅಂತಾರೆ, ಆದರೆ ನರವೇ ಬೇರೆ. ತೊಡೆಯ ಮುಂಭಾಗದ ಸ್ನಾಯು ಮಂಡಿಚಿಪ್ಪನ್ನು ಹಿಡಿದಿರುತ್ತೆ, ಚಿಪ್ಪಿನಿಂದ ಈ ರಜ್ಜು ಕೆಳಗಿನ ಎಲುಬಿಗೆ ಹೋಗುತ್ತೆ. ಅದು ಹರಿದರೆ ಎಷ್ಟು ದುಬಾರಿ ಕೀಲಿದ್ದರೂ ಕಾಲು ನೆಟ್ಟಗಾಗಲ್ಲ, ಮೆಟ್ಟಿಲ ಮೇಲೆ ಮೊಣಕಾಲು ಕುಸಿಯುತ್ತೆ. ಪದೇ ಪದೇ ಕೊಯ್ದ ಜಾಗದಲ್ಲಿ ಬರೀ ಹೊಲಿಗೆ ಹೆಚ್ಚಾಗಿ ನಿಲ್ಲಲ್ಲ. ಹಾಗಾಗಿ ಕಸಿ ಮಾಡಬೇಕು. ಅದಕ್ಕೆ ರೋಗಿಯ ತೊಡೆಯ ಹಿಂದಿನ ರಜ್ಜು, ಇಲ್ಲವೇ ಕೃತಕ ಜಾಲರಿ, ಇಲ್ಲವೇ ತೀರಿಕೊಂಡ ದಾನಿಯ ಹಿಮ್ಮಡಿ ರಜ್ಜನ್ನು ಎಲುಬಿನ ತುಣುಕಿನ ಸಮೇತ ಬಳಸುತ್ತಾರೆ. ಅವ್ವನಿಗೆ ದಾನಿಯದ್ದು ಸಿಕ್ಕಿತು. ಕಣ್ಣು, ಕಿಡ್ನಿ ದಾನ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಿಂದಲೇ ಅಂಗಾಂಶ ಬ್ಯಾಂಕ್ ಇದೆಯಂತೆ.

ಎಷ್ಟು ಬಿಗಿಯಾಗಿ ಕಟ್ಟಬೇಕು ಅನ್ನೋದೇ ಇಲ್ಲಿ ಮುಖ್ಯ. 2004ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ವರದಿಯಲ್ಲಿ, ಸಡಿಲವಾಗಿ ಕಟ್ಟಿದ 7 ಮೊಣಕಾಲುಗಳಲ್ಲೂ ಕಸಿ ಸೋತಿತ್ತು. ಕಾಲು ಪೂರ್ತಿ ನೆಟ್ಟಗಿಟ್ಟು ಬಿಗಿಯಾಗಿ ಕಟ್ಟಿದ 13ರಲ್ಲೂ ಗೆದ್ದಿತ್ತು. ಡಾಕ್ಟರ್ ಇದನ್ನು ಹೇಳಿದಾಗ ನಾನು ತಲೆ ಕೆರೆದುಕೊಂಡೆ. ಅವ್ವನಿಗೆ ತಕ್ಷಣ ತಿಳಿಯಿತು: "ಹಾಸು ಸಡ್ಲ ಬಿಟ್ರ ಸೀರಿ ನೇಯಾಕ ಆಗ್ತೈತೇನ್ರಿ?"

ಆಮೇಲೆ ಎಂಟು ವಾರ ಬ್ರೇಸ್ ಹಾಕಿ ಕಾಲು ನೆಟ್ಟಗೇ ಇಡಬೇಕಿತ್ತು. ಮುಧೋಳದ ಅತ್ತಿ, ಜಮಖಂಡಿಯ ಮಾಮಾ, ಬಂದವರೆಲ್ಲ ಒಂದೇ ಮಾತು: "ಮಡಚದಿದ್ರ ಕಾಲು ಕಟ್ಟಿಗಿ ಆಗ್ತೈತಿ." ಮೊದಲ ಆಪರೇಷನ್ ಆದಾಗ ಮಡಚು ಮಡಚು ಅಂತ ನಾನೇ ಬೆನ್ನು ಹತ್ತಿದ್ದೆ. ಆಗ ಅದು ಸರಿ. ಈಗ ಅದೇ ಕಸಿಯನ್ನು ಹಿಗ್ಗಿಸುತ್ತೆ.

ಒಂದು ರಾತ್ರಿ ನೋಡಿದರೆ ಅವ್ವ ಬ್ರೇಸ್ ಬಿಚ್ಚುತ್ತಿದ್ದಳು. ಜೋರು ಮಾಡಿದೆ. ಆಕೆ ಅತ್ತಳು. "ಸಂಡಾಸಕ್ಕ ಮಗನ ಹೆಗಲ ಹಿಡದು ಹೋಗೂದು ನಾಚಿಕಿ ಬರ್ತೈತೋ." ನನಗೆ ಮಾತೇ ಹೊರಡಲಿಲ್ಲ. ಅಷ್ಟು ದಿನ ಕಾಲನ್ನಷ್ಟೇ ಕಾಯ್ದಿದ್ದೆ, ಅವ್ವನನ್ನು ಕೇಳಿರಲಿಲ್ಲ. ಮರುದಿನವೇ ಬಿಳಗಿಯಿಂದ ಚಿಕ್ಕವ್ವನನ್ನು ಕರೆಸಿದೆ. ಬ್ರೇಸ್ ಮತ್ತೆ ಬಿಚ್ಚಲಿಲ್ಲ.

ಎಂಟು ವಾರದ ಮೇಲೆ ಸ್ವಲ್ಪ ಸ್ವಲ್ಪವೇ ಮಡಚಲು ಬಿಟ್ಟರು. ಈಗ 90 ಡಿಗ್ರಿವರೆಗೆ ಬರುತ್ತೆ. ಕೋಲು ಹಿಡಿದು ಓಣಿ ತಿರುಗುತ್ತಾಳೆ. ಕುಣಿಮಗ್ಗ ಇನ್ನು ಇಲ್ಲ. ಕುರ್ಚಿ ಮೇಲೆ ಕೂತು ಕಂಡಿಕಿ ಸುತ್ತುತ್ತಾಳೆ. ಸೋಂಕು, ಕಸಿ ಸಡಿಲಾಗುವ ಭಯ ಪೂರ್ತಿ ಹೋಗಿಲ್ಲ.

ನಿಮ್ಮ ಮನೆಯಲ್ಲೂ ಕೀಲು ಬದಲಿಸಿಕೊಂಡವರಿದ್ದಾರಾ? ಬಿದ್ದ ಮೇಲೆ ಕಾಲು ನೆಟ್ಟಗೆ ಎತ್ತಲು ಬರದಿದ್ದರೆ "ವೀಕ್‌ನೆಸ್" ಅಂತ ಸುಮ್ಮನಿರಬೇಡಿ, ಬೇಗ ಸರ್ಜನ್‌ಗೆ ತೋರಿಸಿ. ಕಸಿ ಆದರೆ ರಜೆ ಜೊತೆಗೆ ತಾಳ್ಮೆಯನ್ನೂ ಹಾಕಿಕೊಳ್ಳಿ.