ಕಿಟ್ಟಿನ ದೀಪ ಮಿಣುಕಿದ ಮೇಲೆ

ಪ್ರೌಢಶಾಲೆಗಳ ವಿಜ್ಞಾನ ಕೊಠಡಿಗಳಿಗೆ ಹೊಸದೊಂದು ಪೆಟ್ಟಿಗೆ ಬರತೊಡಗಿದೆ. ಅದರೊಳಗೆ ಅಂಗೈಯಗಲದ ಆರ್ಡುಯಿನೋ ಫಲಕ, ಬೆಸುಗೆಯಿಲ್ಲದೆ ತಂತಿ ಸಿಕ್ಕಿಸಬಹುದಾದ ಬ್ರೆಡ್‌ಬೋರ್ಡ್, ಹಿಡಿಯಷ್ಟು ರೆಸಿಸ್ಟರುಗಳು, ಎಲ್‌ಇಡಿ ದೀಪಗಳು, ನಾಲ್ಕಾರು ಸೆನ್ಸರುಗಳು. ಮಕ್ಕಳು ಮೊದಲ ದಿನ ದೀಪ ಮಿಣುಕಿಸುತ್ತಾರೆ, ಮರುದಿನ ಗಂಟೆ ಬಾರಿಸುತ್ತಾರೆ. ಪುಸ್ತಕದಲ್ಲಿರುವ ಪ್ರಯೋಗಗಳು ಮುಗಿದೊಡನೆ ಪೆಟ್ಟಿಗೆ ಕಪಾಟು ಸೇರುವುದಾದರೆ, ಮಲೆನಾಡಿಗೆ ಬಂದುದು ಇನ್ನೊಂದಿಷ್ಟು ಇಲೆಕ್ಟ್ರಾನಿಕ್ ಕಸವೇ ಹೊರತು ವಿದ್ಯೆಯಲ್ಲ.

ಈ ಫಲಕ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಎಂಬ ಊರಿನ ವಿನ್ಯಾಸ ಶಾಲೆಯೊಂದರಲ್ಲಿ, ಇಂಜಿನಿಯರುಗಳಲ್ಲದ ವಿದ್ಯಾರ್ಥಿಗಳಿಗಾಗಿ. ಯಾರಾದರೂ ನೋಡಿ ಮಾಡಿಕೊಳ್ಳಲೆಂದು ಅದರ ಸರ್ಕಿಟ್ ನಕ್ಷೆಯನ್ನೇ ಬಹಿರಂಗಪಡಿಸಲಾಯಿತು. ಬಹುಬಳಕೆಯ ಯೂನೋ ಮಾದರಿಯ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ ಇರುವ ಜಾಗ 32 ಕಿಲೋಬೈಟ್ ಮಾತ್ರ. ಮೊಬೈಲಿನ ಒಂದು ಛಾಯಾಚಿತ್ರಕ್ಕೂ ಸಾಲದು. ಮಳೆ ಎಣಿಸಲು ಧಾರಾಳ.

ಮಳೆ ಎಣಿಸುವುದೇ ಇಲ್ಲಿ ಮುಖ್ಯ. ಘಟ್ಟದಲ್ಲಿ ಒಂದು ಗುಡ್ಡಕ್ಕೆ ಬಿದ್ದ ಮಳೆ ಪಕ್ಕದ ಗುಡ್ಡಕ್ಕೆ ಬೀಳುವುದಿಲ್ಲ. ಅಡಿಕೆ, ಕಾಳುಮೆಣಸುಗಳಿಗೆ ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ನಿರ್ಧಾರವಾಗುವುದು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಅಂಕಿಗಳಿಂದ. ಪಂಚಾಯಿತಿಯ ಮಾಪಕ ಕಾಣದ ಮಳೆ ಕಾಗದದಲ್ಲಿ ಸುರಿಯುವುದೇ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದವು. ಇಂತಹ ಕಡೆ ಕೇಳಬೇಕಾದ ಮೊದಲ ಪ್ರಶ್ನೆ, ಆ ಇಳಿಜಾರಿನ ಮೇಲೆ ಯಾವ ಗಂಟೆಯಲ್ಲಿ ಎಷ್ಟು ಸುರಿಯಿತು ಎಂಬುದು. ದಿನದ ಒಟ್ಟು ಮೊತ್ತ ಇದಕ್ಕೆ ಉತ್ತರವಾಗದು.

ಕಿಟ್ಟಿನಿಂದ ಮಾಡುವ ಮಳೆಮಾಪಕದ ಕ್ರಮ ಸರಳ. ಆಲಿಕೆಯಿಂದ ಇಳಿದ ನೀರು ಏತದಂತೆ ವಾಲುವ ಜೋಡಿ ಬಟ್ಟಲಿಗೆ ಬೀಳುತ್ತದೆ. ಒಂದು ತುಂಬಿ ವಾಲಿ ಬರಿದಾಗುವಾಗ ಇನ್ನೊಂದು ಮೇಲೇರುತ್ತದೆ. ಅದಕ್ಕಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದು ಚಿಪ್ಪಿಗೆ ಒಂದು ಎಣಿಕೆ ಕೊಡುತ್ತದೆ. ಆಲಿಕೆಯ ಬಾಯಿ 16 ಸೆಂ.ಮೀ. ಅಗಲವಿದ್ದರೆ 1 ಮಿ.ಮೀ. ಮಳೆಯೆಂದರೆ ಸುಮಾರು 20 ಮಿ.ಲೀ. ನೀರು. ಬಟ್ಟಲು 5 ಮಿ.ಲೀ.ಗೆ ವಾಲುವುದಾದರೆ ಒಂದೊಂದು ಎಣಿಕೆಯೂ ಕಾಲು ಮಿ.ಮೀ. ಮಳೆ. ಗಡಿಯಾರದ ಬಿಡಿಫಲಕವನ್ನೂ ಮೆಮೊರಿ ಕಾರ್ಡನ್ನೂ ಜೋಡಿಸಿದರೆ ಗಂಟೆಗಂಟೆಯ ಲೆಕ್ಕ ಉಳಿಯುತ್ತದೆ. ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಮೂರೂ ಅಂಗಳದ ಒಂದು ಬಟ್ಟಲಲ್ಲಿ ಕೂಡಿಕೊಳ್ಳುತ್ತವೆ.

ಕಿಟ್ಟುಗಳನ್ನು ಮಲೆನಾಡನ್ನು ಕಂಡವರು ರೂಪಿಸಿಲ್ಲವೆಂಬುದೂ ಬೇಗನೆ ತಿಳಿಯುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿರುವ ಡಿಎಚ್‌ಟಿ11 ತೇವಾಂಶ ಸೆನ್ಸರಿನ ಅಳತೆ ಶೇ. 90ಕ್ಕೆ ಮುಗಿಯುತ್ತದೆ, ಆಷಾಢದ ಗಾಳಿ ಆ ಗೆರೆಯನ್ನು ದಾಟಿಯೇ ಇರುತ್ತದೆ. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಸೆನ್ಸರಿನಲ್ಲಿ ಸದಾ ವಿದ್ಯುತ್ ಹರಿಯಬಿಟ್ಟರೆ ಲೋಹ ಬಹುಬೇಗ ಸವೆದುಹೋಗುತ್ತದೆ. ಓದುವ ಕ್ಷಣದಲ್ಲಿ ಮಾತ್ರ ವಿದ್ಯುತ್ ಕೊಡುವಂತೆ ಪ್ರೋಗ್ರಾಂ ಬರೆಯುವುದು ಮಕ್ಕಳಿಗೆ ಉತ್ತಮ ಪಾಠ. ಪುಸ್ತಕ ಹೇಳದ ಪಾಠವೂ ಹೌದು.

ಜನರೇ ಅಳೆಯುವುದು ಹುಡುಗಾಟವಲ್ಲ. 2011ರ ಫುಕುಶಿಮಾ ದುರಂತದ ನಂತರ ಜಪಾನಿನಲ್ಲಿ ಸೇಫ್‌ಕಾಸ್ಟ್ ಎಂಬ ಸಂಘಟನೆ ಆರ್ಡುಯಿನೋ ಆಧಾರಿತ ವಿಕಿರಣ ಮಾಪಕವನ್ನು ಕಿಟ್ ರೂಪದಲ್ಲಿ ಒದಗಿಸಿತು. ಸ್ವಯಂಸೇವಕರು ತಾವೇ ಬೆಸುಗೆ ಹಾಕಿ, ವಾಹನಕ್ಕೆ ಕಟ್ಟಿ, ರಸ್ತೆ ರಸ್ತೆಯ ಅಂಕಿಗಳನ್ನು ಎಲ್ಲರಿಗೂ ತೆರೆದಿಟ್ಟರು. ಕೈಗಾ ವಿರೋಧಿ ಚಳವಳಿಯನ್ನು ಕಂಡ ಸಹ್ಯಾದ್ರಿಯ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಯ ಮಾಪಕ ಭೂಕುಸಿತದ ಮುನ್ಸೂಚನೆ ನೀಡದು. ವಿಮೆಯ ಕಚೇರಿಯೂ ಅದನ್ನು ತಾನಾಗಿ ಒಪ್ಪಲಾರದು. ಆದರೆ ಅಧಿಕೃತ ಅಂಕಿಯನ್ನು ಪ್ರಶ್ನಿಸುವ ಅರ್ಜಿಗೆ ತಿಂಗಳುಗಟ್ಟಲೆಯ ದಾಖಲೆಯೊಂದು ಲಗತ್ತಾಗುವುದಕ್ಕೂ ಬರಿಯ ಬಾಯಿಮಾತಿಗೂ ಅಂತರವಿದೆ. ಆ ದಾಖಲೆ ನಿಲ್ಲಬೇಕಾದರೆ ಒಂದು ಮುಂಗಾರು ಪೂರ್ತಿ ಅದನ್ನು ಮಾಮೂಲಿ ಗಾಜಿನ ಅಳತೆಯ ಮಳೆಮಾಪಕದ ಪಕ್ಕದಲ್ಲಿಟ್ಟು, ಎರಡರ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆಯುತ್ತ ಹೋಗಬೇಕು. ಕೊಳ್ಳುವಾಗಲೂ ಚಿಪ್ಪನ್ನು ಸಾಕೆಟ್ಟಿನಲ್ಲಿ ಕೂರಿಸಿದ ಫಲಕವನ್ನೇ ಆರಿಸುವುದು ಲೇಸು. ತಪ್ಪು ತಂತಿ ತಗುಲಿ ಚಿಪ್ ಸುಟ್ಟರೆ, ಬೂಟ್‌ಲೋಡರ್ ತುಂಬಿದ ಇನ್ನೊಂದು ಚಿಪ್ಪನ್ನು ತರಿಸಿ ಮಕ್ಕಳೇ ಬದಲಿಸಬಹುದು. ಫಲಕ ತಿಪ್ಪೆ ಸೇರಬೇಕಾಗಿಲ್ಲ.